ದವಾಖಾನೆಯ ಎರಡು ದಫ್ತರ, ಒಬ್ಬನೇ ರೋಗಿ

(ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)

 

ಪ್ರತಿ ವರ್ಷ ಈ ಸಭೆಯಲ್ಲಿ ಓದಿನ ಬಗ್ಗೆ, ಪರೀಕ್ಷೆಯ ಬಗ್ಗೆ ಮಾತಾಡುತ್ತೇವೆ. ಈ ಸಲ ದವಾಖಾನೆಯ ಕಾಗದಗಳ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಹಿರಿಯರು ಸೂಚಿಸಿದ್ದಾರೆ. ಕಾರಣ ನಿಮಗೆ ಗೊತ್ತೇ ಇದೆ. ನಮ್ಮ ಟ್ರಸ್ಟಿಗೆ ವಿದ್ಯಾರ್ಥಿವೇತನದ ಅರ್ಜಿಗಳ ಜೊತೆಗೆ ವೈದ್ಯಕೀಯ ನೆರವಿನ ಅರ್ಜಿಗಳೂ ಬರುತ್ತವೆ. ಅರ್ಜಿ ತರುವವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಇರುತ್ತದೆ. ಅದರಲ್ಲಿ ಕೇಸ್ ಪೇಪರು, ಬಿಲ್ಲು, ಔಷಧ ಅಂಗಡಿಯ ಚೀಟಿ, ರಕ್ತ ಪರೀಕ್ಷೆಯ ರಿಪೋರ್ಟು ಎಲ್ಲವೂ ಮುದ್ದೆಯಾಗಿ ಕೂತಿರುತ್ತವೆ. ಒಂದೇ ದವಾಖಾನೆಯ ಬಿಲ್ಲಿನಲ್ಲಿ ಒಂದು ಹೆಸರು, ರಿಪೋರ್ಟಿನಲ್ಲಿ ಇನ್ನೊಂದು ಹೆಸರು. ಇವರಿಬ್ಬರೂ ಒಬ್ಬರೇ ಏನು ಎಂದು ಕೇಳಬೇಕಾಗುತ್ತದೆ. ಹಣದ ನೆರವಿಗಾದರೆ ಕೇಳಿ ತಿಳಿದುಕೊಳ್ಳಬಹುದು. ಪ್ರಜ್ಞೆ ತಪ್ಪಿದ ರೋಗಿಯನ್ನು ರಾತ್ರಿ ಹನ್ನೆರಡಕ್ಕೆ ಒಯ್ದಾಗ ಯಾರನ್ನು ಕೇಳುವುದು?

ನಮ್ಮ ಊರುಗಳ ಸಣ್ಣ ದವಾಖಾನೆಗಳನ್ನು ನೆನಪಿಸಿಕೊಳ್ಳಿ. ಬಾಗಿಲ ಹತ್ತಿರ ಕೌಂಟರ್. ಅಲ್ಲಿ ಒಂದು ಕಂಪ್ಯೂಟರ್. ಅದು ಹೆಸರು, ಊರು, ಮೊಬೈಲ್ ನಂಬರ್ ಬರೆದುಕೊಳ್ಳುತ್ತದೆ, ಪಾಳಿ ಚೀಟಿ ಕೊಡುತ್ತದೆ, ಫೀಸು ಲೆಕ್ಕ ಹಾಕುತ್ತದೆ, ಮುಂದಿನ ಸಲ ಯಾವಾಗ ಬರಬೇಕೆಂದು ಗುರುತು ಇಟ್ಟುಕೊಳ್ಳುತ್ತದೆ. ಇದು ದವಾಖಾನೆ ನಡೆಸುವ ಸಾಫ್ಟ್‌ವೇರ್. ಒಳಗೆ ಡಾಕ್ಟರರ ಮೇಜು. ಅಲ್ಲಿ ಫೈಲು, ಇಲ್ಲವೇ ಇನ್ನೊಂದು ಕಂಪ್ಯೂಟರ್. ಅದರಲ್ಲಿ ರೋಗ ಏನು, ಬಿ.ಪಿ. ಎಷ್ಟು, ಯಾವ ಗುಳಿಗೆ ಕೊಟ್ಟಿದೆ, ಯಾವ ಔಷಧ ಮೈಗೆ ಆಗುವುದಿಲ್ಲ ಎಂಬ ವಿವರ. ಇದು ರೋಗಿಯ ವೈದ್ಯಕೀಯ ದಾಖಲೆ. ಎಷ್ಟೋ ಕಡೆ ಇವೆರಡನ್ನೂ ಬೇರೆ ಬೇರೆ ವರ್ಷ, ಬೇರೆ ಬೇರೆ ಕಂಪನಿಯವರಿಂದ ತಂದಿರುತ್ತಾರೆ. ಹೊರಗಿನದಕ್ಕೆ ಒಳಗಿನದು ಗೊತ್ತಿಲ್ಲ. ಒಂದೇ ಮನೆಯಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ.

ಇದರಿಂದ ಆಗುವ ತೊಂದರೆ ಏನು? ಸಕ್ಕರೆ ಕಾಯಿಲೆಯ ಒಬ್ಬ ತಾಯಿಯನ್ನು ಊಹಿಸಿಕೊಳ್ಳಿ. ರಕ್ತ ಪರೀಕ್ಷೆಯಲ್ಲಿ ಕಿಡ್ನಿಗೆ ಪೆಟ್ಟು ಬೀಳುತ್ತಿದೆ ಎಂಬ ಸುಳಿವು ಸಿಕ್ಕಿದೆ. ರಿಪೋರ್ಟು ಒಳಗಿನ ದಫ್ತರಕ್ಕೆ ಬಂದಿದೆ. ಅವರನ್ನು ಕೂಡಲೇ ಕರೆಸಬೇಕು. ಒಳಗಿನ ದಫ್ತರದಲ್ಲಿ ಇರುವುದು ಮೂರು ವರ್ಷದ ಹಿಂದಿನ ಮೊಬೈಲ್ ನಂಬರ್. ಹೊಸ ನಂಬರ್ ಕೌಂಟರಿನ ಕಂಪ್ಯೂಟರಿನಲ್ಲಿದೆ. ಫೋನು ಹೋಗುವುದಿಲ್ಲ. ಆ ತಾಯಿ ನೋವಿನ ಗುಳಿಗೆ ನುಂಗುತ್ತಾ ಇನ್ನೂ ಆರು ತಿಂಗಳು ಕಳೆಯುತ್ತಾರೆ. ಇಲ್ಲಿ ಡಾಕ್ಟರರು ತಮ್ಮ ಕೆಲಸ ಮಾಡಿದ್ದಾರೆ, ಲ್ಯಾಬಿನವರು ಮಾಡಿದ್ದಾರೆ, ಕೌಂಟರಿನ ಹುಡುಗನೂ ಮಾಡಿದ್ದಾನೆ. ಎರಡು ದಫ್ತರದ ನಡುವಿನ ಸಂದಿಯಲ್ಲಿ ರೋಗಿ ಬಿದ್ದುಹೋದರು.

ಹಾಗಾದರೆ ಎರಡನ್ನೂ ಕೂಡಿಸಿಬಿಟ್ಟರೆ ಆಯಿತಲ್ಲ, ಒಂದು ಹೊಸ ಸಾಫ್ಟ್‌ವೇರ್ ತಂದರೆ ಮುಗಿಯಿತಲ್ಲ ಎನ್ನಬಹುದು. ನಾನು ಇವತ್ತು ಹೇಳಬೇಕಾದ ಮುಖ್ಯ ಮಾತೇ ಇದು. ಕೂಡಿಸುವ ಕೆಲಸದಲ್ಲಿ ಯಂತ್ರದ ಪಾಲು ಕಡಿಮೆ. ಈ ಕಾಗದದ ಮನುಷ್ಯ ಮತ್ತು ಆ ಕಾಗದದ ಮನುಷ್ಯ ಒಬ್ಬರೇ ಎಂದು ಗುರುತಿಸುವುದೇ ದೊಡ್ಡ ಕೆಲಸ. ಆ ಕೆಲಸದ ಅರ್ಧ ನಮ್ಮ ನಮ್ಮ ಮನೆಯಲ್ಲೇ ಆಗಬೇಕು.

ಶಾಲೆಯ ಉದಾಹರಣೆ ಕೊಡುತ್ತೇನೆ. ನಮ್ಮ ಭಾಗದ ಶಾಲೆಗಳಲ್ಲಿ ಜನರಲ್ ರಜಿಸ್ಟರ್ ಇರುತ್ತದೆ. ಮಗು ಶಾಲೆಗೆ ಸೇರಿದ ದಿನ ಅದರಲ್ಲಿ ಒಂದು ನಂಬರ್ ಬೀಳುತ್ತದೆ. ಹಾಜರಿ ಪುಸ್ತಕ, ಅಂಕಗಳ ಪುಸ್ತಕ ಬೇರೆ ಬೇರೆ ಇದ್ದರೂ ಆ ನಂಬರ್ ಹಿಡಿದು ಮಗುವನ್ನು ಹುಡುಕಬಹುದು. ಒಂದೇ ತರಗತಿಯಲ್ಲಿ ಇಬ್ಬರು ಇಮ್ರಾನ್ ಇದ್ದರೂ ಒಬ್ಬನ ಅಂಕ ಇನ್ನೊಬ್ಬನಿಗೆ ಹೋಗುವುದಿಲ್ಲ. ಈಗ ರಾಜ್ಯದ ಶಾಲಾ ಮಕ್ಕಳಿಗೆಲ್ಲ ಸ್ಯಾಟ್ಸ್ ನಂಬರ್ ಬಂದಿದೆ. ಹುಕ್ಕೇರಿಯವರಿಗೆ ಇನ್ನೊಂದು ಉದಾಹರಣೆ ಹತ್ತಿರದ್ದು. 1969ರಲ್ಲಿ ಆರಂಭವಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ನಿಮ್ಮ ಮನೆಗಳಿಗೆ ಕರೆಂಟು ಕೊಡುತ್ತದೆ. ಬಿಲ್ಲಿನ ಮೇಲೆ ತೀರಿಹೋದ ಅಜ್ಜನ ಹೆಸರೇ ಇರಬಹುದು, ಅಕ್ಷರ ತಪ್ಪಿರಬಹುದು. ಆದರೆ ಆರ್.ಆರ್. ನಂಬರ್ ಸರಿ ಇರುವುದರಿಂದ ನಿಮ್ಮ ಮೀಟರಿನ ಲೆಕ್ಕ ಪಕ್ಕದ ಮನೆಗೆ ಹೋಗುವುದಿಲ್ಲ. ದವಾಖಾನೆಯ ಎರಡು ದಫ್ತರಕ್ಕೂ ಹೀಗೆ ಒಂದೇ ನಂಬರ್ ಬೇಕು.

ಇಷ್ಟು ಸರಳವಾದ ಕೆಲಸ ಯಾಕೆ ಕಷ್ಟವಾಗುತ್ತದೆ? ನಮ್ಮ ಹೆಸರುಗಳನ್ನೇ ನೋಡಿ. ಮಹಮ್ಮದ್ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬರು ಯು ಹಾಕಿ ಬರೆಯುತ್ತಾರೆ, ಒಬ್ಬರು ಓ ಹಾಕಿ. ಒಬ್ಬರಿಗೆ ಒಂದು ಎಂ ಸಾಕು, ಒಬ್ಬರಿಗೆ ಎರಡು ಬೇಕು. ಇನ್ನೊಬ್ಬರು ಬರೀ ಎಂ.ಡಿ. ಎಂದು ಬರೆದು ಮುಗಿಸುತ್ತಾರೆ. ನದಾಫ, ಮುಲ್ಲಾ, ಜಮಾದಾರ, ಬಾಗವಾನ ಎಂಬ ಅಡ್ಡಹೆಸರು ಒಂದು ಕಡೆ ಮೊದಲು ಬರುತ್ತದೆ, ಒಂದು ಕಡೆ ಕೊನೆಗೆ, ಒಂದು ಕಡೆ ಬರುವುದೇ ಇಲ್ಲ. ನಮ್ಮವರಷ್ಟೇ ಅಲ್ಲ, ಬಸವರಾಜ, ಲಕ್ಷ್ಮವ್ವ ಎಂಬ ಹೆಸರುಗಳಿಗೂ ಇದೇ ಗತಿ.

ಹೆಸರು ಬಿಟ್ಟು ಹುಟ್ಟಿದ ದಿನಾಂಕ ನೋಡೋಣ ಎನ್ನುತ್ತೀರಾ? ನನ್ನ ವಯಸ್ಸಿನವರಲ್ಲಿ ಎಷ್ಟೋ ಜನ ಜೂನ್ 1ರಂದೇ ಹುಟ್ಟಿದವರು! ತಾಯಿ ಹೆತ್ತ ದಿನ ಅದಲ್ಲ, ಶಾಲೆಗೆ ಸೇರಿಸುವಾಗ ಹೆಡ್ ಮಾಸ್ತರರ ಲೇಖನಿಯಿಂದ ಹುಟ್ಟಿದ ದಿನ. ಮೊಬೈಲ್ ನಂಬರ್ ನೋಡಿದರೆ ಇಡೀ ಮನೆಗೆ ಒಂದೇ. ಅಜ್ಜಿ, ಸೊಸೆ, ಮೊಮ್ಮಗು ಮೂವರೂ ಅದೇ ನಂಬರಿನಲ್ಲಿ ಇರುತ್ತಾರೆ. ವಿಳಾಸ ನೋಡಿದರೆ ಮೂಡಲಗಿ ತಾಲೂಕಿನವರ ಹಳೆಯ ಕಾಗದಗಳಲ್ಲಿ ತಾಲೂಕು ಗೋಕಾಕ ಎಂದೇ ಇದೆ, ಹೊಸದರಲ್ಲಿ ಮೂಡಲಗಿ. ಜಿಲ್ಲೆಯ ಹೆಸರೂ 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲಿ ಬೆಳಗಾವಿ ಆಯಿತು. ಮನುಷ್ಯ ಕೂತಲ್ಲೇ ಕೂತಿದ್ದಾನೆ, ಕಂಪ್ಯೂಟರಿಗೆ ಅವನು ಇಬ್ಬರಾಗಿ ಕಾಣುತ್ತಾನೆ.

ಎಲ್ಲಕ್ಕಿಂತ ಹೆಚ್ಚು ತೊಂದರೆ ನಮ್ಮ ಹೆಣ್ಣುಮಕ್ಕಳಿಗೆ. ಹುಕ್ಕೇರಿ ಕಡೆ ಮದುವೆಯಾಗಿ ಹೋದ ಮಗಳು ಮೊದಲ ಹೆರಿಗೆಗೆ ಮೂಡಲಗಿಯ ತವರಿಗೆ ಬರುತ್ತಾಳೆ. ಅವಳ ತಾಯಿ ಕಾರ್ಡು ಗಂಡನ ಊರಿನದು. ಅದರಲ್ಲಿ ಗಂಡನ ಹೆಸರು, ಗಂಡನ ಮನೆಯ ಅಡ್ಡಹೆಸರು. ಆಧಾರ್ ಕಾರ್ಡಿನಲ್ಲಿ ಇನ್ನೂ ತಂದೆಯ ಹೆಸರು. ತವರಿನ ದವಾಖಾನೆಯ ಕೌಂಟರಿನಲ್ಲಿ ಮನೆಯವರು ಕರೆಯುವ ಮುದ್ದಿನ ಹೆಸರು. ಎಂಟನೇ ತಿಂಗಳಲ್ಲಿ ಬಿ.ಪಿ. ಏರಿತ್ತು, ರಕ್ತ ಕಡಿಮೆ ಇತ್ತು ಎಂಬ ವಿವರ ಒಂದು ಹೆಸರಿನಲ್ಲಿದೆ. ಹೆರಿಗೆ ಇನ್ನೊಂದು ಹೆಸರಿನಲ್ಲಿ ನಡೆಯುತ್ತದೆ. ಹೆರಿಗೆ ಕೋಣೆಯಲ್ಲಿರುವ ಸಿಸ್ಟರ್‌ಗೆ ಆ ಹಳೆಯ ವಿವರ ಸಿಗುವುದೇ ಇಲ್ಲ. ಇದಕ್ಕಿಂತ ದೊಡ್ಡ ಕಾರಣ ಬೇಕೇ ಈ ವಿಷಯ ಮಾತಾಡಲು?

ದಫ್ತರ ಕೂಡಿಸುವಾಗ ಎರಡು ತಪ್ಪು ಆಗಬಹುದು. ಒಬ್ಬರನ್ನು ಇಬ್ಬರು ಎಂದು ಬಿಡುವುದು ಒಂದು. ಇಬ್ಬರನ್ನು ಒಬ್ಬರು ಎಂದು ಕೂಡಿಸಿಬಿಡುವುದು ಇನ್ನೊಂದು. ಮೊದಲನೆಯದರಿಂದ ಮಾಹಿತಿ ತಪ್ಪಿಹೋಗುತ್ತದೆ. ಎರಡನೆಯದು ಅದಕ್ಕಿಂತ ಅಪಾಯ. ಪೆನ್ಸಿಲಿನ್ ಆಗದವನ ದಾಖಲೆಗೆ ಪೆನ್ಸಿಲಿನ್ ಆಗುವವನ ದಾಖಲೆ ಬೆರೆತರೆ ಜೀವಕ್ಕೇ ಕುತ್ತು. ಆದ್ದರಿಂದ ತಿಳಿದವರು ಹೀಗೆ ಮಾಡುತ್ತಾರೆ: ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು, ಊರು, ಫೋನು ಇವುಗಳಲ್ಲಿ ಹಲವು ಹೊಂದಿದರೆ ಮಾತ್ರ ಪಟ್ಟಿಯಲ್ಲಿ ಜೋಡಿ ಮಾಡುತ್ತಾರೆ. ಸಂಶಯ ಬಂದ ಜೋಡಿಯನ್ನು ಹಾಗೇ ಬಿಡುತ್ತಾರೆ. ಆ ರೋಗಿ ಮುಂದಿನ ಸಲ ಬಂದಾಗ ಎದುರಿಗೆ ಕೂರಿಸಿ ಕೇಳಿ, ಆಮೇಲೆ ಕೂಡಿಸುತ್ತಾರೆ. ಹಳೆಯ ದಫ್ತರವನ್ನು ಕೆಡಿಸುವುದಿಲ್ಲ. ಹಳೆಯದು ಮತ್ತು ಹೊಸದು ಎರಡನ್ನೂ ಕೆಲವು ವಾರ ಜೊತೆಯಾಗಿ ನಡೆಸಿ ತಾಳೆ ನೋಡುತ್ತಾರೆ. ಒಂದೇ ಔಷಧಕ್ಕೆ ಕಂಪನಿಗೊಂದು ಹೆಸರು ಇರುವುದರಿಂದ ಔಷಧದ ಮೂಲ ಹೆಸರನ್ನೇ ಎರಡೂ ಕಡೆ ಬರೆಯುವ ರೂಢಿ ಹಾಕುತ್ತಾರೆ. ಕರೆಂಟು ಹೋದಾಗ ಬರೆಯಲು ಕಾಗದದ ನಮೂನೆ ತಯಾರಿಡುತ್ತಾರೆ. ಇದರಲ್ಲಿ ಯಾವುದಕ್ಕೂ ದೊಡ್ಡ ಓದು ಬೇಡ, ತಾಳ್ಮೆ ಬೇಕು.

ಇದು ಹೊಸ ವಿಚಾರವೂ ಅಲ್ಲ. ಅಮೆರಿಕದ ಬಾಸ್ಟನ್ ನಗರದಲ್ಲಿ ಡಾ. ಆಕ್ಟೋ ಬಾರ್ನೆಟ್ ಅವರ ತಂಡ 1960ರ ದಶಕದ ಕೊನೆಗೇ ಕೋಸ್ಟಾರ್ ಎಂಬ ವ್ಯವಸ್ಥೆಯ ಕೆಲಸಕ್ಕೆ ಕೈಹಾಕಿತು. ಡಾಕ್ಟರರು ಅಚ್ಚು ಹಾಕಿದ ನಮೂನೆಯಲ್ಲಿ ಗುರುತು ಮಾಡುತ್ತಿದ್ದರು. ಗುಮಾಸ್ತರು ಅದನ್ನು ಕಂಪ್ಯೂಟರಿಗೆ ಏರಿಸುತ್ತಿದ್ದರು. ಅದೇ ಮಾಹಿತಿಯಿಂದ ರೋಗದ ದಾಖಲೆಯೂ ಆಗುತ್ತಿತ್ತು, ಹಣದ ಲೆಕ್ಕವೂ ಆಗುತ್ತಿತ್ತು. ಒಮ್ಮೆ ಬರೆ, ಎರಡು ಕಡೆ ಬಳಸು ಎಂಬುದೇ ಅದರ ಗುಟ್ಟು.

ನಮ್ಮ ದೇಶದ ಉದಾಹರಣೆ ಇನ್ನೂ ಚೆನ್ನಾಗಿದೆ. ಛತ್ತೀಸಗಢದ ಬಿಲಾಸಪುರ ಜಿಲ್ಲೆಯಲ್ಲಿ ಗನಿಯಾರಿ ಎಂಬ ಹಳ್ಳಿ ಇದೆ. ಅಲ್ಲಿ ಜನ ಸ್ವಾಸ್ಥ್ಯ ಸಹಯೋಗ ಎಂಬ ಸಂಸ್ಥೆ ಬಡವರಿಗಾಗಿ, ಆದಿವಾಸಿಗಳಿಗಾಗಿ ಆಸ್ಪತ್ರೆ ನಡೆಸುತ್ತದೆ. 2013ರ ಹೊತ್ತಿಗೆ ಆ ಆಸ್ಪತ್ರೆಯಲ್ಲಿ ಬಹಮ್ನಿ ಎಂಬ ಸಾಫ್ಟ್‌ವೇರ್ ಬಳಕೆಗೆ ಬಂತು. ಹೆಸರು ಕೇಳಿದ ಕೂಡಲೇ ಕಲಬುರಗಿ, ಬೀದರಿನ ಸುಲ್ತಾನರು ನೆನಪಾಗಬಹುದು, ಇದು ಆ ಬಹಮನಿ ಅಲ್ಲ. ಇದನ್ನು ಕಟ್ಟಿದವರು ಎಲ್ಲವನ್ನೂ ಮೊದಲಿನಿಂದ ಬರೆಯಲು ಹೋಗಲಿಲ್ಲ. ರೋಗಿಯ ದಾಖಲೆಗೆ ಒಂದು, ಲ್ಯಾಬಿಗೆ ಒಂದು, ಬಿಲ್ಲು ಮತ್ತು ಔಷಧ ದಾಸ್ತಾನಿಗೆ ಒಂದು, ಹೀಗೆ ಆಗಲೇ ಉಚಿತವಾಗಿ ಸಿಗುತ್ತಿದ್ದ ಮೂರು ಸಾಫ್ಟ್‌ವೇರ್‌ಗಳನ್ನು ತಂದು ಒಂದಕ್ಕೊಂದು ಹೊಲಿದರು. ಮೂರು ತುಂಡು ಬಟ್ಟೆಯಿಂದ ಕೌದಿ ಹೊಲಿದ ಹಾಗೆ. ರೋಗಿಯ ಹೆಸರು ಒಂದು ಕಡೆ ಬರೆದರೆ ಮೂರಕ್ಕೂ ತಿಳಿಯುತ್ತದೆ. ಇಂದಿಗೂ ಅದು ಯಾರು ಬೇಕಾದರೂ ಉಚಿತವಾಗಿ ಪಡೆದು ಬಳಸಬಹುದಾದ ಸಾಫ್ಟ್‌ವೇರ್. ಸರ್ಕಾರದ ಕಡೆಯಿಂದ ಎನ್.ಐ.ಸಿ. ರೂಪಿಸಿದ ಇ-ಹಾಸ್ಪಿಟಲ್ ಇದೆ. ರಾಜ್ಯದ ಅನೇಕ ಸರ್ಕಾರಿ ಆಸ್ಪತ್ರೆಗಳಲ್ಲಿ ಹೊರರೋಗಿ ಚೀಟಿ, ಬಿಲ್ಲು, ಲ್ಯಾಬು, ಔಷಧ ವಿತರಣೆ ಅದರಲ್ಲೇ ನಡೆಯುತ್ತವೆ. ಸಣ್ಣ ಊರಿನಿಂದ ಆಗದು ಎನ್ನುವ ಹಾಗಿಲ್ಲ.

ನಮ್ಮ ಜಿಲ್ಲೆಯ ಹೆಮ್ಮೆಯ ಸಂಗತಿಯೊಂದನ್ನೂ ಇಲ್ಲಿ ಹೇಳಬೇಕು. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಜವಾಹರಲಾಲ ನೆಹರು ವೈದ್ಯಕೀಯ ಕಾಲೇಜಿನವರು ವಿದೇಶದ ತಜ್ಞರ ಜೊತೆ ಸೇರಿ ಒಂದು ಅಧ್ಯಯನ ಮಾಡಿದರು. ಹೆರಿಗೆಯ ನಂತರ ಆಗುವ ರಕ್ತಸ್ರಾವವನ್ನು ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಗುಳಿಗೆಯಿಂದ ತಡೆಯಬಹುದೇ ಎಂಬುದು ಪ್ರಶ್ನೆ. 1620 ತಾಯಂದಿರು ಅದರಲ್ಲಿ ಭಾಗವಹಿಸಿದರು. ರಕ್ತಸ್ರಾವದ ಪ್ರಮಾಣ ಶೇ. 12ರಿಂದ ಶೇ. 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಅದನ್ನು ಪ್ರಕಟಿಸಿತು. ಹಳ್ಳಿಯ ನರ್ಸಕ್ಕಗಳು ಪ್ರತಿ ಹೆರಿಗೆಯಲ್ಲೂ ರಕ್ತ ಅಳೆದು, ಒಂದೇ ನಮೂನೆಯಲ್ಲಿ, ಒಬ್ಬೊಬ್ಬ ತಾಯಿಯ ವಿವರ ತಪ್ಪದೆ ಬರೆದದ್ದರಿಂದ ಅದು ಸಾಧ್ಯವಾಯಿತು. ನಮ್ಮ ಜನಕ್ಕೆ ದಾಖಲೆ ಇಡಲು ಬರುವುದಿಲ್ಲ ಎನ್ನುವವರಿಗೆ ಈ ಉತ್ತರ ಸಾಕು.

ಈಗ ಆಭಾ ನಂಬರಿನ ವಿಷಯ. 2021ರ ಸೆಪ್ಟೆಂಬರ್ 27ರಂದು ಕೇಂದ್ರ ಸರ್ಕಾರ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಆರಂಭಿಸಿತು. ಅದರಲ್ಲಿ ಸಿಗುವ 14 ಅಂಕಿಗಳ ಸಂಖ್ಯೆಯೇ ಆಭಾ. ಇದನ್ನೂ 5 ಲಕ್ಷ ರೂಪಾಯಿ ಚಿಕಿತ್ಸೆಯ ಆಯುಷ್ಮಾನ್ ಕಾರ್ಡನ್ನೂ ಒಂದೇ ಎಂದು ತಿಳಿದವರು ಬಹಳ. ಎರಡೂ ಬೇರೆ. ಆಯುಷ್ಮಾನ್ ಕಾರ್ಡು ಚಿಕಿತ್ಸೆಯ ಖರ್ಚಿಗೆ. ಆಭಾ ಬರೀ ಗುರುತಿನ ಸಂಖ್ಯೆ, ಅದರಿಂದ ಹಣ ಸಿಗುವುದಿಲ್ಲ. ಆದರೆ ಗೋಕಾಕದ ದವಾಖಾನೆಯ ದಾಖಲೆಯನ್ನು, ನೀವು ಒಪ್ಪಿಗೆ ಕೊಟ್ಟರೆ, ಬೆಳಗಾವಿಯ ಡಾಕ್ಟರರು ನೋಡಲು ಅದರಿಂದ ದಾರಿಯಾಗುತ್ತದೆ. ದಾಖಲೆ ಆಯಾ ದವಾಖಾನೆಯಲ್ಲೇ ಇರುತ್ತದೆ, ಒಪ್ಪಿಗೆ ಇದ್ದಾಗ ಮಾತ್ರ ಸಾಗುತ್ತದೆ ಎಂಬುದು ಅದರ ರಚನೆ. ಅದನ್ನು ಮಾಡಿಸುವುದು ಕಡ್ಡಾಯವಲ್ಲ, ನಿಮ್ಮ ಇಷ್ಟ. ಇಷ್ಟು ನೆನಪಿಡಿ: ದವಾಖಾನೆಯ ಒಳಗಿನ ಎರಡು ದಫ್ತರವೇ ಕೂಡದಿದ್ದರೆ ಹೊರಗಿನ ಯಾವ ನಂಬರಿನಿಂದಲೂ ಪೂರ್ತಿ ಉಪಯೋಗವಿಲ್ಲ. ಅಡುಗೆಮನೆಯಲ್ಲಿ ನೀರಿಲ್ಲದಿದ್ದರೆ ಓಣಿಗೆ ದೊಡ್ಡ ಪೈಪು ಬಂದು ಏನು ಫಲ?

ಇಲ್ಲಿ ಒಂದು ಎಚ್ಚರಿಕೆಯ ಮಾತು. ಕಚೇರಿಯ ಕನ್ನಡದಲ್ಲಿ ಅಮಾನತು ಎಂದರೆ ನೌಕರನನ್ನು ಕೆಲಸದಿಂದ ದೂರ ಇಡುವುದು. ನಮ್ಮ ಮನೆಮಾತಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ರೋಗಿಯ ಗುಟ್ಟು ಈ ಎರಡನೆಯ ಅರ್ಥದ ಅಮಾನತ್. ನಮ್ಮದು ಸಣ್ಣ ಊರು. ಕೌಂಟರಿನಲ್ಲಿ ಕೂತ ಹುಡುಗ ಪಕ್ಕದ ಓಣಿಯವನೇ ಇರುತ್ತಾನೆ. ದಫ್ತರ ಕೂಡಿತೆಂದು ಒಬ್ಬ ಹೆಣ್ಣುಮಗಳ ಗರ್ಭದ ವಿಷಯ, ಒಬ್ಬರ ಕ್ಷಯರೋಗ, ಒಬ್ಬರ ಮನಸ್ಸಿನ ಕಾಯಿಲೆ ಅವನ ಪರದೆಯ ಮೇಲೆ ಕಾಣಬಾರದು. ಅವನಿಗೆ ಹೆಸರು, ಪಾಳಿ, ಹಣ ಇಷ್ಟು ಕಂಡರೆ ಸಾಕು. ರೋಗದ ವಿವರ ಡಾಕ್ಟರರಿಗೆ, ಸಿಸ್ಟರ್‌ಗೆ. ಒಳ್ಳೆಯ ಸಾಫ್ಟ್‌ವೇರಿನಲ್ಲಿ ಒಬ್ಬೊಬ್ಬರಿಗೆ ಬೇರೆ ಪಾಸ್‌ವರ್ಡ್ ಇರುತ್ತದೆ, ಯಾರು ಯಾವಾಗ ಯಾವ ಪುಟ ತೆರೆದರು ಎಂಬ ಗುರುತೂ ಉಳಿಯುತ್ತದೆ. ಎಲ್ಲರಿಗೂ ಒಂದೇ ಪಾಸ್‌ವರ್ಡ್ ಮಾಡಿ ಅದನ್ನು ಗೋಡೆಯ ಮೇಲೆ ಚೀಟಿ ಅಂಟಿಸಿದರೆ ಆ ವ್ಯವಸ್ಥೆಗೆ ಬೆಲೆ ಇಲ್ಲ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂದಿದೆ. ದವಾಖಾನೆ ನಡೆಸುವ ನಮ್ಮ ಸ್ನೇಹಿತರು ಸಾಫ್ಟ್‌ವೇರ್ ಕೊಳ್ಳುವಾಗ ಇನ್ನೊಂದು ಪ್ರಶ್ನೆಯನ್ನು ಮೊದಲೇ ಕೇಳಬೇಕು: ನಾಳೆ ನಿಮ್ಮನ್ನು ಬಿಟ್ಟರೆ ನಮ್ಮ ರೋಗಿಗಳ ದಾಖಲೆಯನ್ನೆಲ್ಲ ಬೇರೆಯವರಿಗೆ ಓದಲು ಬರುವ ರೂಪದಲ್ಲಿ ತಿರುಗಿ ಕೊಡುತ್ತೀರಾ? ಹೌದು ಎಂದು ಬರೆದು ಕೊಡದವರ ಹತ್ತಿರ ಕೊಳ್ಳಬೇಡಿ.

ಇನ್ನು ನಮ್ಮ ಪಾಲಿನ ಕೆಲಸ. ಪಾಲಕರೆ, ಮನೆಯಲ್ಲಿ ಒಬ್ಬೊಬ್ಬರಿಗೆ ಒಂದು ಫೈಲು ಮಾಡಿ. ಫೈಲಿನ ಮೊದಲ ಹಾಳೆಯ ಮೇಲೆ ಆಧಾರ್ ಕಾರ್ಡಿನಲ್ಲಿ ಇದ್ದ ಹಾಗೆಯೇ ಹೆಸರು, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಯಿರಿ. ಅದರ ಕೆಳಗೆ ಇರುವ ಕಾಯಿಲೆ, ದಿನವೂ ತಗೊಳ್ಳುವ ಗುಳಿಗೆ, ಆಗದ ಔಷಧ. ತಾಯಿ ಕಾರ್ಡಿನ ನಂಬರ್, ಕ್ಷಯರೋಗಕ್ಕೆ ಕೊಡುವ ನಿಕ್ಷಯ್ ನಂಬರ್, ಆಭಾ ಇದ್ದರೆ ಅದು, ಎಲ್ಲ ಅಲ್ಲೇ ಇರಲಿ. ಯಾವ ದವಾಖಾನೆಗೆ ಹೋದರೂ ಅದೇ ಹೆಸರು ಹೇಳಿ, ಮುದ್ದಿನ ಹೆಸರು ಮನೆಯಲ್ಲಿರಲಿ. ಮೊಬೈಲ್ ನಂಬರ್ ಬದಲಾದರೆ ಕೌಂಟರಿನಲ್ಲಿ ಹೇಳಿ, ಒಳಗೆ ಡಾಕ್ಟರರಿಗೂ ಹೇಳಿ. ತವರಿಗೆ ಹೊರಟ ಮಗಳ ಚೀಲದಲ್ಲಿ ಸೀರೆಗಿಂತ ಮೊದಲು ತಾಯಿ ಕಾರ್ಡು ಇಡಿ. ಮತ್ತೊಂದು ವಿಷಯ ಗೊತ್ತಿರಲಿ. ಆಸ್ಪತ್ರೆಗೆ ದಾಖಲಾಗಿದ್ದ ರೋಗಿಯ ದಾಖಲೆಯನ್ನು 3 ವರ್ಷ ಕಾಯ್ದಿಡಬೇಕು, ರೋಗಿ ಅಥವಾ ಅವರ ಪರವಾದವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಗಳು ಹೇಳುತ್ತವೆ. ಜಗಳ ಬೇಡ. ಒಂದು ಚೀಟಿ ಬರೆದು, ಮರ್ಯಾದೆಯಿಂದ ಕೇಳಿ ಪಡೆಯಿರಿ.

ವಿದ್ಯಾರ್ಥಿಗಳೆ, ನಿಮಗೆ ಎರಡು ಮಾತು. ಈ ವರದಿಯ ಜೊತೆ ವಿದ್ಯಾರ್ಥಿವೇತನದ ಸೂಚನೆ ಇದೆ. ಅದರಲ್ಲಿ ಕೇಳಿರುವ ಹಾಗೆ ಎಸ್.ಎಸ್.ಎಲ್.ಸಿ. ಅಂಕಪಟ್ಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಹೆಸರು ಒಂದೇ ಇದೆಯೇ ನೋಡಿಕೊಳ್ಳಿ. ಬೇರೆ ಇದ್ದರೆ ಅರ್ಜಿಯ ಕೊನೆಯ ದಿನದವರೆಗೆ ಕಾಯದೆ ಈಗಲೇ ತಿದ್ದಿಸಿಕೊಳ್ಳಿ. ಅದೇ ಕೂತಲ್ಲಿ ಅಜ್ಜ, ಅಜ್ಜಿ, ಅಮ್ಮನ ದವಾಖಾನೆ ಕಾಗದಗಳನ್ನೂ ತಾರೀಖಿನ ಪ್ರಕಾರ ಜೋಡಿಸಿ ಕೊಡಿ. ಒಂದು ಭಾನುವಾರ ಸಾಕು. ಟ್ರಸ್ಟಿನ ಹಣ ಪಡೆದ ಪ್ರತಿಯೊಬ್ಬ ಹುಡುಗ, ಹುಡುಗಿ ಇಷ್ಟು ಮಾಡಿದರೆ ಮೂರು ತಾಲೂಕಿನ ಎಷ್ಟೋ ಮನೆಗಳ ದಫ್ತರ ಸರಿಯಾಗುತ್ತದೆ.

ಎರಡನೆಯ ಮಾತು ನಿಮ್ಮ ಮುಂದಿನ ದಾರಿಯದು. ಡಾಕ್ಟರಾಗಬೇಕು, ಎಂಜಿನಿಯರಾಗಬೇಕು ಎಂದೇ ಎಲ್ಲರೂ ಹೇಳುತ್ತೀರಿ, ಆಗಿ. ಆದರೆ ಆಸ್ಪತ್ರೆಯ ದಾಖಲೆ ನೋಡಿಕೊಳ್ಳುವ ವಿದ್ಯೆಗೂ ಈಗ ಡಿಪ್ಲೊಮಾ ಮತ್ತು ಪದವಿ ಕೋರ್ಸುಗಳಿವೆ. ಸೇವಾದಳದ ಡಾ. ನಾ. ಸು. ಹರ್ಡೀಕರರ ಹೆಸರಿನೊಡನೆ ಬೆಸೆದಿರುವ ಘಟಪ್ರಭಾದ ಕರ್ನಾಟಕ ಆರೋಗ್ಯ ಧಾಮದಂಥ ಸಂಸ್ಥೆ ಇರುವ ನೆಲ ಇದು. ಆರೋಗ್ಯ ಸೇವೆ ನಮಗೆ ಹೊಸದಲ್ಲ. ಕನ್ನಡ, ಉರ್ದು, ಮರಾಠಿ ಮೂರೂ ಕಿವಿಗೆ ಬೀಳುವ ಈ ಗಡಿ ಜಿಲ್ಲೆಯಲ್ಲಿ ಒಂದು ಹೆಸರನ್ನು ಕೇಳಿ ಸರಿಯಾಗಿ ಬರೆಯಬಲ್ಲವರು ನೀವೇ. ದೂರದ ನಗರದಲ್ಲಿ ಕೂತು ಸಾಫ್ಟ್‌ವೇರ್ ಬರೆಯುವವನಿಗೆ ಮಹಬೂಬಬಿ ಮತ್ತು ಮಾಬುಬಿ ಒಬ್ಬರೇ ಎಂದು ಹೊಳೆಯುವುದಿಲ್ಲ, ನಿಮಗೆ ಹೊಳೆಯುತ್ತದೆ. ಆ ತಿಳಿವಳಿಕೆಗೆ ಕೆಲಸವೂ ಇದೆ, ಪುಣ್ಯವೂ ಇದೆ.

ಡಾಕ್ಟರ್ ಸಾಹೇಬರಲ್ಲಿ, ಟ್ರಸ್ಟಿನ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ಮುಂದಿನ ವರ್ಷ ನಮ್ಮ ವೈದ್ಯಕೀಯ ನೆರವಿನ ಅರ್ಜಿಯ ಜೊತೆ ಆ ಒಂದು ಹಾಳೆಯ ಆರೋಗ್ಯ ಪತ್ರವನ್ನು ಅಚ್ಚು ಹಾಕಿಸಿ ಉಚಿತವಾಗಿ ಹಂಚೋಣ. ನಮ್ಮ ಮೂರು ಊರುಗಳ ದವಾಖಾನೆಯವರು ಒಂದು ದಿನ ಕೂತು, ಹೆಸರು ಹೇಗೆ ಬರೆಯಬೇಕು, ಊರು ಹೇಗೆ ಬರೆಯಬೇಕು ಎಂದು ಒಂದೇ ರೂಢಿಗೆ ಒಪ್ಪಿಕೊಳ್ಳಲಿ. ಸಾಫ್ಟ್‌ವೇರ್ ಆಮೇಲೆ ಬರಲಿ. ಈ ಒಪ್ಪಂದಕ್ಕೆ ಖರ್ಚು ಒಂದು ಸುತ್ತು ಚಹಾ ಮಾತ್ರ.